ಬ್ರೈಟ್‌ನೆಸ್ ಇಳಿಸೋಕೆ ಸುಡೋ ಯಾಕೆ ಬೇಕು?

ಲ್ಯಾಪ್‌ಟಾಪಿನ ಬ್ರೈಟ್‌ನೆಸ್ ಬಗ್ಗೆ ಮತ್ತೆ ಮತ್ತೆ ಅದೇ ಪ್ರಶ್ನೆಗಳು ಬರುತ್ತಿವೆ. ಕೀಬೋರ್ಡಿನ ಯಾವ ಕೀ ಒತ್ತಬೇಕು ಅನ್ನೋದನ್ನು ಇಲ್ಲಿ ಹೇಳುವುದಿಲ್ಲ, ಅದು ಕೀ ಮೇಲೆಯೇ ಇದೆ. ತೊಂದರೆ ಶುರುವಾಗುವುದು ಅದೇ ಕೆಲಸವನ್ನು ಸಾಫ್ಟ್‌ವೇರ್‌ನಿಂದ ಮಾಡಿಸಲು ಹೊರಟಾಗ. ಯಾವುದೋ ವಿಡಿಯೋದಲ್ಲಿ ಕಂಡ ಒಂದು ಸಾಲಿನ ಕಮಾಂಡನ್ನು ಅದು ಏನು ಮಾಡುತ್ತೆ ಅಂತಲೂ ನೋಡದೆ ಹೊಡೆಯುತ್ತಾರೆ. ಅದಕ್ಕೇ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಸರ್, ನಾನು ವಿಜಯನಗರದವಳು, ಎಂಜಿನಿಯರಿಂಗ್ ಓದುತ್ತಿದ್ದೇನೆ. ಸಂಜೆಯಾದ ಮೇಲೆ ತಾನಾಗಿಯೇ ಬ್ರೈಟ್‌ನೆಸ್ ಇಳಿಸುವ ಪುಟ್ಟ ಪೈಥಾನ್ ಆ್ಯಪ್ ಬರೆದಿದ್ದೇನೆ. ವಿಂಡೋಸ್‌ನಲ್ಲಿ ಓಡುತ್ತೆ. ಉಬುಂಟುವಿನಲ್ಲಿ ‘ಪರ್ಮಿಷನ್ ಡಿನೈಡ್’ ಅನ್ನುತ್ತೆ. ಸೀನಿಯರ್ ಒಬ್ಬರು ಚ್‌ಮಾಡ್ 777 ಹೊಡಿ ಅಂದರು, ಇನ್ನೊಬ್ಬರು ಆ್ಯಪನ್ನೇ ಸುಡೋ ಹಾಕಿ ಓಡಿಸು ಅಂದರು. ಯಾವುದು ಸರಿ? ಮ್ಯಾಕ್‌ನಲ್ಲೂ ಇದೇ ಕೋಡ್ ನಡೆಯುತ್ತಾ?

ಉತ್ತರ: ಎರಡೂ ಬೇಡ. ಚ್‌ಮಾಡ್ 777 ಅಂದರೆ ಫೈಲನ್ನು ಯಾರು ಬೇಕಾದರೂ ಓದಿ ಬರೆಯುವಂತೆ ತೆರೆದಿಡುವುದು. ಸುಡೋ ಅಂದರೆ ಪ್ರೋಗ್ರಾಮನ್ನು ಎಲ್ಲ ಅಧಿಕಾರವೂ ಇರುವ ‘ರೂಟ್’ ಬಳಕೆದಾರನ ಹೆಸರಿನಲ್ಲಿ ಓಡಿಸುವುದು.

ಲಿನಕ್ಸ್‌ನಲ್ಲಿ ಪರದೆಯ ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್, ಫೈಲಿನ ರೂಪದಲ್ಲಿ ಕೈಗೆ ಸಿಗುತ್ತದೆ. ‘/ಸಿಸ್/ಕ್ಲಾಸ್/ಬ್ಯಾಕ್‌ಲೈಟ್’ ಒಳಗೆ ಹೋಗಿ ನೋಡಿ. ಇಂಟೆಲ್ ಗ್ರಾಫಿಕ್ಸ್ ಇದ್ದರೆ ಸಾಮಾನ್ಯವಾಗಿ ‘ಇಂಟೆಲ್_ಬ್ಯಾಕ್‌ಲೈಟ್’ ಅನ್ನೋ ಫೋಲ್ಡರ್ ಇರುತ್ತದೆ. ಅದರಲ್ಲಿ ‘ಬ್ರೈಟ್‌ನೆಸ್’ ಅಂತ ಒಂದು ಫೈಲು, ‘ಮ್ಯಾಕ್ಸ್_ಬ್ರೈಟ್‌ನೆಸ್’ ಅಂತ ಇನ್ನೊಂದು. ಮೊದಲನೆಯದರಲ್ಲಿ ಒಂದು ಸಂಖ್ಯೆ ಬರೆದರೆ ಬೆಳಕು ಬದಲಾಗುತ್ತದೆ. ಓದಲು ಯಾರಿಗೂ ಅಡ್ಡಿಯಿಲ್ಲ, ಬರೆಯುವ ಹಕ್ಕು ಮಾತ್ರ ರೂಟ್‌ಗೆ. ನಿಮ್ಮ ಆ್ಯಪ್ ಮುಗ್ಗರಿಸಿದ್ದು ಇಲ್ಲೇ.

ಆ ಫೈಲುಗಳು ಡಿಸ್ಕಿನಲ್ಲಿ ಇರುವಂಥವಲ್ಲ. ಪ್ರತಿ ಸಲ ಬೂಟ್ ಆದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದಾಗಿ ತಂದು ಇಡುತ್ತದೆ. ಹಾಗಾಗಿ ನೀವು ಹೊಡೆದ 777 ರೀಸ್ಟಾರ್ಟ್ ಆದ ಕೂಡಲೇ ಮಾಯ. ಆಗ ಜನ ಆ ಕಮಾಂಡನ್ನು ಸ್ಟಾರ್ಟಪ್‌ಗೆ ತುರುಕುತ್ತಾರೆ. ದಾರಿ ಟೈಪ್ ಮಾಡುವಾಗ ಸ್ವಲ್ಪ ತಪ್ಪಿದರೂ ಬೇರೆ ಯಾವುದೋ ಫೋಲ್ಡರ್ ಎಲ್ಲರಿಗೂ ತೆರೆದು ಬಿದ್ದಿರುತ್ತದೆ. ಸುಡೋ ಅಂತೂ ಇನ್ನೂ ಕೆಟ್ಟದ್ದು. ಬೆಳಕು ಇಳಿಸುವ ಸಣ್ಣ ಕೆಲಸಕ್ಕೆ ಇಡೀ ಆ್ಯಪಿಗೂ ಅದು ಎಳೆದುಕೊಂಡು ಬಂದ ಪ್ರತಿ ಲೈಬ್ರರಿಗೂ ರೂಟ್ ಹಕ್ಕು ಸಿಗುತ್ತದೆ. ಬಲ್ಬು ಹಾಕಲು ಬಂದವನ ಕೈಗೆ ಬೀರುವಿನ ಬೀಗದ ಕೈ ಕೊಟ್ಟ ಹಾಗೆ. ಹೀಗೆ ಹೇಳಿಕೊಡುವವರ ಮೇಲೆ ನನಗೆ ನಿಜವಾಗಿ ಕೋಪವಿದೆ. ಕಲಿಯುವ ವಯಸ್ಸಿನಲ್ಲಿ ಬಂದ ಈ ಚಾಳಿ ಆಮೇಲೆ ಕೆಲಸದ ಜಾಗದ ಸರ್ವರ್‌ಗೂ ಹೋಗುತ್ತದೆ.

ಸರಿಯಾದ ದಾರಿ ಸಿಸ್ಟಮ್‌ಡಿಯೊಳಗೇ, ಅಂದರೆ ಲಿನಕ್ಸ್‌ನ ಹಿನ್ನೆಲೆ ಸೇವೆಗಳನ್ನು ನಡೆಸುವ ವ್ಯವಸ್ಥೆಯೊಳಗೇ ಇದೆ. ಲಾಗಿನ್‌ಡಿ ಅನ್ನೋ ಅದರ ಸೇವೆಗೆ ‘ಸೆಟ್‌ಬ್ರೈಟ್‌ನೆಸ್’ ಎಂಬ ಡಿ-ಬಸ್ (ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತಾಡುವ ದಾರಿ) ಮೆಥಡ್ ಉಂಟು, 2019ರ 243ನೇ ಆವೃತ್ತಿಯಿಂದ. ‘ಬ್ಯಾಕ್‌ಲೈಟ್’ ಅನ್ನೋ ಪದ, ಡಿವೈಸಿನ ಹೆಸರು, ಬೇಕಾದ ಸಂಖ್ಯೆ, ಇಷ್ಟು ಕೊಟ್ಟರೆ ಸಾಕು. ಯಂತ್ರದ ಮುಂದೆ ಲಾಗಿನ್ ಆಗಿ ಕೂತವರಿಗೆ ಪಾಸ್‌ವರ್ಡ್ ಕೇಳದೆ ಕೆಲಸ ಮಾಡಿಕೊಡುತ್ತದೆ. ಡಿ-ಬಸ್ ಕೋಡ್ ಬರೆಯಲು ಬೇಸರವಾದರೆ ‘ಬ್ರೈಟ್‌ನೆಸ್‌ಸಿಟಿಎಲ್’ ಅನ್ನೋ ಪುಟ್ಟ ಟೂಲ್ ಇದೆ, ನಿಮ್ಮ ಪೈಥಾನ್‌ನಿಂದ ಅದನ್ನೇ ಕರೆಯಿರಿ.

ಇನ್ನು ಆ ಸಂಖ್ಯೆ. ಅದು ಶೇಕಡಾ ಅಲ್ಲ. ಮ್ಯಾಕ್ಸ್ (‘ಮ್ಯಾಕ್ಸ್_ಬ್ರೈಟ್‌ನೆಸ್’ ಫೈಲಿನ ಸಂಖ್ಯೆ) 255 ಇರುವ ಯಂತ್ರದಲ್ಲಿ 50 ಬರೆದರೆ ಶೇ 20ರ ಹತ್ತಿರ ಬೆಳಕು ಬರುತ್ತದೆ. ಮ್ಯಾಕ್ಸ್ 19200 ಇರುವ ಕಡೆ ಅದೇ 50 ಶೇ 1 ಕೂಡ ಆಗುವುದಿಲ್ಲ, ಪರದೆ ಕಪ್ಪಾದಂತೆಯೇ. ಮೊದಲು ಮ್ಯಾಕ್ಸ್ ಓದಿ, ಆಮೇಲೆ ಲೆಕ್ಕ ಹಾಕಿ. ಸೊನ್ನೆಯನ್ನಂತೂ ಬರೆಯಲೇಬೇಡಿ. ಕೆಲವು ಯಂತ್ರಗಳಲ್ಲಿ ಸೊನ್ನೆ ಅಂದರೆ ತೀರಾ ಮಂದ ಬೆಳಕು, ಇನ್ನು ಕೆಲವದರಲ್ಲಿ ಬ್ಯಾಕ್‌ಲೈಟ್ ಪೂರ್ತಿ ಆಫ್. ನಾನು ಬರೆಯುವ ಕೋಡಿನಲ್ಲಿ ಶೇ 10ಕ್ಕಿಂತ ಕೆಳಗೆ ಇಳಿಯಲು ಬಿಡುವುದೇ ಇಲ್ಲ. ಇದು ಅತಿಯಾಯ್ತು ಅನ್ನೋರು ಇದ್ದಾರೆ. ಅನ್ನಲಿ. ಕತ್ತಲಾದ ಪರದೆಯಲ್ಲಿ ನಿಮ್ಮ ಆ್ಯಪಿನ ಬಟನ್ ಯಾರಿಗೆ ಕಾಣುತ್ತೆ?

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಎರಡು ಫೋಲ್ಡರ್ ಕಾಣಬಹುದು. ತಪ್ಪಾದದ್ದಕ್ಕೆ ಬರೆದರೂ ಅದು ಸಂಖ್ಯೆ ತಗೊಳ್ಳುತ್ತೆ, ಎರರ್ ಬರಲ್ಲ, ಪರದೆ ಮಾತ್ರ ಕದಲುವುದಿಲ್ಲ. ಪ್ರತಿ ಫೋಲ್ಡರಿನ ‘ಟೈಪ್’ ಫೈಲ್ ಓದಿ. ಫರ್ಮ್‌ವೇರ್ ಇದ್ದರೆ ಅದು, ಇಲ್ಲದಿದ್ದರೆ ಪ್ಲಾಟ್‌ಫಾರ್ಮ್, ಅದೂ ಇಲ್ಲದಿದ್ದರೆ ರಾ. ಕರ್ನಲ್ ದಾಖಲೆ ಹೇಳುವ ಕ್ರಮ ಇದು.

ಪರದೆಯ ಸೆಟ್ಟಿಂಗ್ ಬದಲಿಸುವ ‘ಎಕ್ಸ್‌ರಾಂಡರ್’ ಕಮಾಂಡಿಗೆ ಬ್ರೈಟ್‌ನೆಸ್ ಆಪ್ಷನ್ ಇದೆಯಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಮುಟ್ಟುವುದು ಚಿತ್ರದ ಬಣ್ಣವನ್ನು, ಬೆಳಕನ್ನಲ್ಲ. ಹಿಂದಿನ ಬೆಳಕು ಅಷ್ಟೇ ಜೋರಾಗಿ ಉರಿಯುತ್ತಿರುತ್ತದೆ, ಬ್ಯಾಟರಿ ಅಷ್ಟೇ ಖರ್ಚಾಗುತ್ತದೆ. ಈಗಿನ ಉಬುಂಟುವಿನಲ್ಲಿ ಡಿಫಾಲ್ಟ್ ಆಗಿರುವ ವೇಲ್ಯಾಂಡ್ ಅನ್ನೋ ಡಿಸ್‌ಪ್ಲೇ ವ್ಯವಸ್ಥೆಯಲ್ಲಿ ಅದು ನಡೆಯುವುದೂ ಇಲ್ಲ.

ವಿಂಡೋಸ್‌ನಲ್ಲಿ ನಿಮ್ಮ ಲೈಬ್ರರಿ ಬಹುಶಃ ಡಬ್ಲ್ಯುಎಂಐ (ವಿಂಡೋಸ್‌ನ ನಿರ್ವಹಣಾ ವ್ಯವಸ್ಥೆ) ಮೂಲಕ ‘ಡಬ್ಲ್ಯುಎಂಐಸೆಟ್‌ಬ್ರೈಟ್‌ನೆಸ್’ ಕರೆಯುತ್ತಿದೆ. ಅಲ್ಲಿ ಕೊಡುವುದು ನೇರವಾಗಿ ಶೇಕಡಾ, ಅದಕ್ಕೇ ಸಲೀಸಾಗಿ ಓಡಿತು. ಮ್ಯಾಕ್‌ಗೆ ಆ್ಯಪಲ್ ಇದಕ್ಕೆಂದು ಬಹಿರಂಗ ಎಪಿಐ, ಅಂದರೆ ಹೊರಗಿನ ಆ್ಯಪ್‌ಗಳು ಕರೆಯಬಹುದಾದ ದಾರಿ, ಕೊಟ್ಟಿಲ್ಲ. ಇರುವ ಆ್ಯಪ್‌ಗಳು ‘ಡಿಸ್‌ಪ್ಲೇಸರ್ವೀಸಸ್’ ಎಂಬ ಖಾಸಗಿ ಫ್ರೇಮ್‌ವರ್ಕ್ ಬಳಸುತ್ತವೆ. ಮುಂದಿನ ಅಪ್‌ಡೇಟಿನಲ್ಲಿ ಅದು ಮುರಿದುಬಿದ್ದರೆ ಕೇಳೋರಿಲ್ಲ, ಆ್ಯಪ್ ಸ್ಟೋರಿಗೂ ಹಾಕುವ ಹಾಗಿಲ್ಲ. ಮೂರಕ್ಕೂ ಒಂದೇ ಕೋಡ್ ಅನ್ನೋ ಆಸೆ ಬಿಡಿ. ಮೇಲೆ ಒಂದೇ ಫಂಕ್ಷನ್ ಇಡಿ, ಕೆಳಗೆ ಮೂರು ಬೇರೆ ಬೇರೆ ದಾರಿ ಬರೆಯಿರಿ.

ಪ್ರಶ್ನೆ: ವೈಟ್‌ಫೀಲ್ಡ್ ಆಫೀಸಿನಲ್ಲಿ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಹಾಕಿದ್ದೇನೆ. ಸ್ಲೈಡರ್ ಎಳೆದರೆ ಲ್ಯಾಪ್‌ಟಾಪ್ ಮಾತ್ರ ಮಂದವಾಗುತ್ತೆ.

ಉತ್ತರ: ಆಗಬೇಕಾದ್ದೇ ಹಾಗೆ. ಹೊರಗಿನ ಮಾನಿಟರಿನ ಜೊತೆ ಮಾತಾಡುವುದು ಡಿಡಿಸಿ/ಸಿಐ ಮೂಲಕ, ಅಂದರೆ ಕೇಬಲ್ಲಿನಲ್ಲೇ ಮಾನಿಟರಿಗೆ ಆದೇಶ ಕಳಿಸುವ ವಿಧಾನದಿಂದ. ಮಾನಿಟರಿನ ಮೆನುವಿನಲ್ಲಿ ಅದನ್ನು ಆನ್ ಮಾಡಿ. ಲಿನಕ್ಸ್‌ಗೆ ‘ಡಿಡಿಸಿಯುಟಿಲ್’, ಮ್ಯಾಕ್‌ಗೆ ‘ಮಾನಿಟರ್‌ಕಂಟ್ರೋಲ್’ ಸಾಕು.

ಪ್ರಶ್ನೆ: ನೈಟ್ ಲೈಟ್ ಹಾಕಿದರೆ ಬ್ಯಾಟರಿ ಉಳಿಯುತ್ತಾ?

ಉತ್ತರ: ಎಲ್‌ಸಿಡಿಯಲ್ಲಿ ಇಲ್ಲ, ಅದು ಬಣ್ಣ ಬದಲಿಸುತ್ತೆ ಅಷ್ಟೇ.

ಪ್ರಶ್ನೆ: ಎಲ್ಲ ಡ್ರೈವರ್ ತಾನೇ ಅಪ್‌ಡೇಟ್ ಮಾಡೋ ಸಾಫ್ಟ್‌ವೇರ್ ಹಾಕಿದರೆ ಬ್ರೈಟ್‌ನೆಸ್ ಸರಿಹೋಗುತ್ತಂತೆ, ಹಾಕಲಾ?

ಉತ್ತರ: ಬೇಡ. ಹಾಕಿದ್ದರೆ ಈಗಲೇ ತೆಗೆಯಿರಿ.

ಪ್ರಶ್ನೆ: ವಿಂಡೋಸ್ ಮತ್ತೆ ಹಾಕಿಸಿದ ಮೇಲೆ ಬ್ರೈಟ್‌ನೆಸ್ ಸ್ಲೈಡರ್ ಇಲ್ಲ. ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಪ್ಯಾನೆಲ್ ಬದಲಿಸಬೇಕು ಅಂದರು.

ಉತ್ತರ: ದುಡ್ಡು ಕೊಡಬೇಡಿ. ಚಿತ್ರ ಸರಿಯಾಗಿ ಕಾಣುತ್ತಿದೆ, ಸ್ಲೈಡರ್ ಮಾತ್ರ ಇಲ್ಲ ಅಂದರೆ ಅದು ಪ್ಯಾನೆಲಿನ ತಪ್ಪಲ್ಲ. ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿದ್ದರೆ ಗ್ರಾಫಿಕ್ಸ್ ಡ್ರೈವರನ್ನೇ ಹಾಕಿಲ್ಲ ಅಂತ ಅರ್ಥ. ನಿಮ್ಮ ಮಾಡೆಲ್ ನಂಬರ್ ಕೊಟ್ಟು ತಯಾರಕರ ವೆಬ್‌ಸೈಟಿನಿಂದ ಡ್ರೈವರ್ ಇಳಿಸಿಕೊಂಡು ಹಾಕಿ, ರೀಸ್ಟಾರ್ಟ್ ಮಾಡಿ. ಆಮೇಲೂ ಬರದಿದ್ದರೆ ಅದೇ ಪಟ್ಟಿಯ ‘ಮಾನಿಟರ್ಸ್’ ಕೆಳಗೆ ‘ಜೆನೆರಿಕ್ ಪಿಎನ್‌ಪಿ ಮಾನಿಟರ್’ ಡಿಸೇಬಲ್ ಆಗಿದೆಯಾ ನೋಡಿ, ಆಗಿದ್ದರೆ ಎನೇಬಲ್ ಮಾಡಿ.