ರಾಜೀನಾಮೆ ಪತ್ರ ಸಿದ್ಧವಿದೆ, ಕಳುಹಿಸಲೇ?

ಪ್ರಶ್ನೆ: ನನಗೆ 37 ವರ್ಷ. ಹದಿಮೂರು ವರ್ಷಗಳಿಂದ ಒಂದೇ ಕಂಪನಿಯಲ್ಲಿದ್ದೇನೆ, ಈಗ ಮ್ಯಾನೇಜರ್. ಎಲ್ಲವನ್ನೂ ಬಿಟ್ಟು ಸೈಕಲ್ ಮೇಲೆ ಖಂಡಗಳನ್ನು ದಾಟಬೇಕು, ಅದನ್ನು ಬರೆದೇ ಬದುಕಬೇಕು ಎಂಬ ಆಸೆ. ಮನೆ ಸಾಲ ತೀರಿಲ್ಲ. ಹೆಂಡತಿ ‘ನಿಮ್ಮಿಷ್ಟ’ ಎಂದು ಸುಮ್ಮನಾಗುತ್ತಾಳೆ. ರಾಜೀನಾಮೆ ಪತ್ರವನ್ನು ಎರಡು ವರ್ಷಗಳಿಂದ ತಿದ್ದುತ್ತಲೇ ಇದ್ದೇನೆ. ಕಳುಹಿಸಲೇ?

ಉತ್ತರ: ಸದ್ಯಕ್ಕೆ ಬೇಡ.

ಇಲ್ಲಿ ಅಚ್ಚಾಗಿರುವುದು ನಿಮ್ಮ ಪತ್ರದ ಸಾರ ಮಾತ್ರ. ಪೂರ್ತಿ ನಾಲ್ಕು ಪುಟಗಳನ್ನು ನಾನು ಎರಡು ಸಲ ಓದಿದೆ. ಮೂರೂವರೆ ಪುಟ ಮೇಲಧಿಕಾರಿ, ಮೀಟಿಂಗು, ಕೈತಪ್ಪಿದ ಬಡ್ತಿ. ದಾರಿಯ ಬಗ್ಗೆ ನಾಲ್ಕೇ ಸಾಲು. ಅದರಲ್ಲಿ ಒಂದು ಊರಿಲ್ಲ, ಒಂದು ಘಟ್ಟವಿಲ್ಲ. ಕಚೇರಿ ಸಾಕಾಗಿದ್ದರೆ ಇನ್ನೊಂದು ಕಚೇರಿ ಹುಡುಕಬಹುದು, ಅದಕ್ಕೆ ಖಂಡ ದಾಟಬೇಕಿಲ್ಲ.

ಐರಿಷ್ ಲೇಖಕಿ ಡರ್ವ್ಲಾ ಮರ್ಫಿಗೆ ಹತ್ತನೇ ಹುಟ್ಟುಹಬ್ಬಕ್ಕೆ ಸಿಕ್ಕಿದ್ದು ಒಂದು ಹಳೆಯ ಸೈಕಲ್, ಒಂದು ಅಟ್ಲಾಸ್. ಭಾರತದವರೆಗೆ ಸೈಕಲ್ ತುಳಿಯುವ ಹಟ ಆಗಲೇ ಹುಟ್ಟಿತು. ಆದರೆ ಹೊರಟದ್ದು 1963ರ ಜನವರಿಯಲ್ಲಿ, 31ನೇ ವಯಸ್ಸಿನಲ್ಲಿ. ಹದಿನಾಲ್ಕಕ್ಕೇ ಶಾಲೆ ಬಿಟ್ಟು ಕಾಯಿಲೆಯ ತಾಯಿಯನ್ನು ನೋಡಿಕೊಂಡು, ಆಕೆ ತೀರಿಕೊಂಡ ಮೇಲೆ ಹೊರಟರು. ಇಷ್ಟು ಕಾದರೂ ಆ ಆಸೆ ಹಳಸಲಿಲ್ಲ. ನಿಮ್ಮದು ಇನ್ನೊಂದು ವರ್ಷ ಕಾಯಲಾರದೇ? ಮರ್ಫಿ ದಾರಿಯುದ್ದಕ್ಕೂ ದಿನಚರಿ ಬರೆದರು, ಆರೇಳು ತಿಂಗಳಲ್ಲಿ ದೆಹಲಿ ಮುಟ್ಟಿದರು. ಪುಸ್ತಕ ಬಂದದ್ದು 1965ರಲ್ಲಿ. ಅಂದರೆ, ಯಾವ ಕುರ್ಚಿಯಿಂದ ಎದ್ದು ಓಡಬೇಕೆಂದಿದ್ದೀರೋ, ಬರೆಯುವವರು ತಿರುಗಿ ಬಂದು ಕೂರುವುದು ಅಂಥದೇ ಕುರ್ಚಿಯಲ್ಲಿ!

ಮೊದಲು ಮೂರು ವಾರ ರಜೆ ಹಾಕಿ, ಒಬ್ಬರೇ ಹೊರಡಿ. ದಿನಕ್ಕೆ ಎಂಬತ್ತು ಕಿಲೋಮೀಟರ್. ಸಂಜೆ ಡೇರೆಯೊಳಗೆ ಹಣೆಗೆ ಟಾರ್ಚ್ ಕಟ್ಟಿಕೊಂಡು ಎರಡು ಪುಟ ಬರೆಯಿರಿ. ಹ್ಯಾಂಡಲ್ ಒತ್ತಿ ಒತ್ತಿ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿದಿರುತ್ತವೆ, ಅಕ್ಷರ ಸೊಟ್ಟಗಾಗುತ್ತದೆ. ‘ಇಂದು ಎದುರುಗಾಳಿ’ ಎಂದಷ್ಟೇ ಬರೆದು ಮಲಗಬೇಕೆನಿಸುತ್ತದೆ. ಹದಿನೈದನೆಯ ಸಂಜೆಯೂ ಎರಡು ಪುಟ ತುಂಬಿದ್ದರೆ, ಆ ರಾಜೀನಾಮೆ ಪತ್ರವನ್ನು ಮತ್ತೆ ತೆಗೆಯೋಣ.

ಹಣದ ಬಗ್ಗೆ: ಬರವಣಿಗೆಯ ಸಂಪಾದನೆಯನ್ನು ಮೊದಲ ಎರಡು ವರ್ಷ ಸೊನ್ನೆ ಎಂದೇ ಲೆಕ್ಕ ಹಾಕಿ. ಪ್ರಾಯೋಜಕರು ಸಿಗಬಹುದು. ಅವರೂ ವರದಿ ಕೇಳುತ್ತಾರೆ, ಫೋಟೊ ಕೇಳುತ್ತಾರೆ. ಮೇಲಧಿಕಾರಿ ಬದಲಾದ, ಅಷ್ಟೆ.

ಇನ್ನು ‘ನಿಮ್ಮಿಷ್ಟ’. ನಾನು ಕಂಡ ಯಾವ ದಾಂಪತ್ಯದಲ್ಲೂ ಆ ಮಾತಿಗೆ ಒಪ್ಪಿಗೆ ಎಂಬ ಅರ್ಥವಿಲ್ಲ. ನಕ್ಷೆಯನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಒಂದೇ ದಿನ, ಒಂದೇ ಮೇಜಿನ ಮೇಲೆ ಬಿಡಿಸಿಟ್ಟು ಕುಳಿತುಕೊಳ್ಳಿ. ಕಂತು ಯಾರು ಕಟ್ಟುತ್ತಾರೆ, ದೂರದಲ್ಲೆಲ್ಲೋ ನಿಮ್ಮ ಕಾಲು ಮುರಿದರೆ ಯಾರು ಬರುತ್ತಾರೆ, ಎಷ್ಟು ತಿಂಗಳಿಗೆ ಹಿಂದಿರುಗುತ್ತೀರಿ ಎಂದು ಅವರು ಕೇಳಲಿ. ಉತ್ತರ ಹೊಳೆಯದಿದ್ದರೆ ಹೊಳೆಯಲಿಲ್ಲ ಎಂದೇ ಹೇಳಿ.

ರಜೆ ಸಿಗುವಷ್ಟರಲ್ಲಿ ಹಿಂದಿನ ಚಕ್ರವನ್ನು ಬಿಚ್ಚಿ ಜೋಡಿಸುವುದನ್ನು ಕಲಿತಿರಿ. ಸಾಮಾನಿನ ಭಾರವೆಲ್ಲ ಅದರ ಮೇಲೇ ಇರುತ್ತದೆ, ಪಂಕ್ಚರ್ ಆಗುವುದೂ ಹೆಚ್ಚಾಗಿ ಅದೇ.