ಕ್ಯಾಟಲಿಸ್ಟ್ ಹೋಗಿದ್ದು ಐಸ್ ನೀರಿಗೆ

ಪ್ರಶ್ನೆ: ಬಿಎಂಐಎಂ ಕ್ಲೋರೈಡ್ ಎಂಬ ಸಾವಯವ ಉಪ್ಪು 1 ಗ್ರಾಂಗೆ ಅಲ್ಯೂಮಿನಿಯಂ ಕ್ಲೋರೈಡ್ 2 ಗ್ರಾಂ ಸೇರಿಸಿ, ಬೆಂಜೀನ್‌ನಿಂದ ಅಸಿಟೋಫೀನೋನ್ ಎಂಬ ಕೀಟೋನ್ ಮಾಡಿದೆ. ಮೊದಲ ಸಲ ಚೆನ್ನಾಗಿ ಬಂತು. ಐಸ್ ನೀರಿಗೆ ಸುರಿದು ಕೀಟೋನ್ ತೆಗೆದೆ, ಉಳಿದಿದ್ದನ್ನು ಒಣಗಿಸಿ ಮತ್ತೆ ಬಳಸಿದೆ. ಈಗ ಏನೂ ಆಗುತ್ತಿಲ್ಲ. ಅಯಾನಿಕ್ ಲಿಕ್ವಿಡ್ (ಹೀಗೆ ದ್ರವವಾಗಿರುವ ಉಪ್ಪು) ಮರುಬಳಕೆ ಆಗುತ್ತದಲ್ಲವೇ?

ಉತ್ತರ: ಕ್ಯಾಟಲಿಸ್ಟನ್ನು ನೀವೇ ಐಸ್ ನೀರಿಗೆ ಹಾಕಿ ಕೊಂದು, ಈಗ ಎಲ್ಲಿ ಹೋಯಿತು ಅಂತ ಕೇಳುತ್ತಿದ್ದೀರಿ. ಇದೇ ಪತ್ರ ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇದೆ.

ಮೊದಲು ತೂಕದ ಲೆಕ್ಕ ಬಿಡಿ, ಮೋಲ್ ಲೆಕ್ಕ (ಕಣಗಳ ಎಣಿಕೆ) ಹಾಕಿ. ನಿಮ್ಮ ಅಳತೆ ಸುಮಾರು 1:2.6 ಆಗುತ್ತದೆ. 1:2 ದಾಟಿದರೆ ಹೆಚ್ಚಿನದು ಕರಗದೆ ತಳದಲ್ಲಿ ಕೂರುತ್ತದೆ. ಬಿಎಂಐಎಂ ಕ್ಲೋರೈಡ್‌ಗಿಂತ ಅಲ್ಯೂಮಿನಿಯಂ ಕ್ಲೋರೈಡ್ ಜಾಸ್ತಿ ಇದ್ದಾಗ ಹುಟ್ಟುವ ಎರಡು ಅಲ್ಯೂಮಿನಿಯಂ, ಏಳು ಕ್ಲೋರಿನ್‌ಗಳ ಅಯಾನೇ ಲೂಯಿಸ್ ಆಮ್ಲದ (ಎಲೆಕ್ಟ್ರಾನ್ ಜೋಡಿ ತೆಗೆದುಕೊಳ್ಳುವ ವಸ್ತುವಿನ) ಕೆಲಸ ಮಾಡುವುದು. ಸರಿಯಾಗಿ 1:1 ಇದ್ದರೆ ಆ ಅಯಾನ್ ಇಲ್ಲ, ರಿಯಾಕ್ಷನ್ನೂ ಇಲ್ಲ.

ಅಸಲಿ ತೊಂದರೆ ಕೀಟೋನ್‌ನದು. ಅದರ ಆಕ್ಸಿಜನ್ ಅಲ್ಯೂಮಿನಿಯಂ ಕ್ಲೋರೈಡನ್ನು ಹಿಡಿದರೆ ಬಿಡುವುದಿಲ್ಲ. ಬಿಡಿಸಲು ನೀರೇ ಬೇಕು. ನೀರು ಬಿದ್ದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ, ಜೊತೆಗೆ ಅಲ್ಯೂಮಿನಿಯಂನ ನೀರುಕೂಡಿದ ಉಪ್ಪು. ಅದನ್ನು ಕಾಯಿಸಿದರೆ ಸಿಗುವುದು ಆಕ್ಸೈಡ್, ಹಳೆಯ ಕ್ಲೋರೈಡ್ ಅಲ್ಲ. ಹಾಗಾಗಿ ಅಸೈಲೇಷನ್‌ಗೆ, ಅಂದರೆ ನೀವು ಮಾಡಿದ ಈ ಕೀಟೋನ್ ರಿಯಾಕ್ಷನ್‌ಗೆ, ಪ್ರತಿ ಸಲ ಹೊಸ ಅಲ್ಯೂಮಿನಿಯಂ ಕ್ಲೋರೈಡ್ ಹಾಕಲೇಬೇಕು. ಕಾಸಿಗೆ ಕಾಸು ಲೆಕ್ಕ ಹಾಕಿದರೆ ಅಯಾನಿಕ್ ಲಿಕ್ವಿಡ್ ಇಲ್ಲದ ಹಳೇ ವಿಧಾನವೇ ವಾಸಿ.

ಹಾಗಾದರೆ ಮರುಬಳಕೆ ಸುಳ್ಳಾ? ಅಲ್ಲ. ತೈಲ ಕಂಪನಿ ಶೆವ್ರಾನ್ 2021ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ರಿಫೈನರಿಯಲ್ಲಿ ಅಪಾಯಕಾರಿ ಹೈಡ್ರೋಫ್ಲೋರಿಕ್ ಆಮ್ಲದ ಬದಲು ಇದೇ ಜಾತಿಯ ಕ್ಲೋರೋಅಲ್ಯೂಮಿನೇಟ್ ದ್ರವದಿಂದ ಪೆಟ್ರೋಲ್‌ಗೆ ಬೇಕಾದ ಆಲ್ಕಿಲೇಟ್ ಎಂಬ ಹೈಡ್ರೋಕಾರ್ಬನ್ ಮಿಶ್ರಣ ಮಾಡಲು ಶುರು ಮಾಡಿತು. ಅಲ್ಲಿ ಬರುವ ಹೈಡ್ರೋಕಾರ್ಬನ್‌ಗೆ ಅಲ್ಯೂಮಿನಿಯಂ ಹಿಡಿಯಲು ಏನೂ ಇಲ್ಲ. ಎಣ್ಣೆ ತೇಲಿದಂತೆ ಮೇಲೆ ನಿಲ್ಲುತ್ತದೆ, ಬೇರ್ಪಡಿಸಿದರೆ ಆಯಿತು. ನೀವು ಓದಿದ ಪೇಪರ್ ಯಾವ ಪ್ರಾಡಕ್ಟ್ ಬಗ್ಗೆ ಅಂತ ಮೊದಲು ನೋಡಿ.

ಪ್ರಶ್ನೆ: ಇದನ್ನು ಗ್ಲೋವ್ ಬಾಕ್ಸ್ (ಒಳಗೆ ತೇವವಿಲ್ಲದ ಮುಚ್ಚಿದ ಪೆಟ್ಟಿಗೆ) ಇಲ್ಲದೆ ಮಾಡಬಹುದಾ?

ಉತ್ತರ: ಬೇಡ. ಎರಡು ಕ್ಲೋರೈಡ್‌ಗಳನ್ನೂ ಒಟ್ಟಿಗೆ ಸುರಿಯುವುದಂತೂ ಬೇಡವೇ ಬೇಡ, ವಿಪರೀತ ಬಿಸಿಯಾಗುತ್ತದೆ. ಒಣ ವಾತಾವರಣ ಸಿಗದಿದ್ದರೆ ಕೋಲೀನ್ ಕ್ಲೋರೈಡ್, ಜಿಂಕ್ ಕ್ಲೋರೈಡ್ 1:2 ಪ್ರಯತ್ನಿಸಿ. ತೇವ ತಡೆಯುತ್ತದೆ, ಡೀಲ್ಸ್-ಆಲ್ಡರ್‌ಗೆ (ಉಂಗುರ ಕಟ್ಟುವ ರಿಯಾಕ್ಷನ್‌ಗೆ) ಸಾಕು. ಆಮ್ಲ ಮಾತ್ರ ಸೌಮ್ಯ.

ಪ್ರಶ್ನೆ: ಆವಿಯಾಗುವುದಿಲ್ಲ, ಆದ್ದರಿಂದ ಗ್ರೀನ್ ಅಲ್ವಾ?

ಉತ್ತರ: ಮುಚ್ಚಳ ತೆಗೆದು ನೋಡಿ, ಗಾಳಿಯ ತೇವಕ್ಕೇ ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುತ್ತದೆ, ಕೆಮ್ಮು ಬಂದಮೇಲೆ ಹೇಳಿ. ಬೇಡ, ತೆಗೆಯಬೇಡಿ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ 'ಅಯಾನಿಕ್ ಮಿನರಲ್' ಹನಿಗಳೂ ಇದೇನಾ?

ಉತ್ತರ: ಅದು ಉಪ್ಪು ಕರಗಿದ ನೀರು. ಇದು ಬಿದ್ದರೆ ಚರ್ಮ ಸುಡುತ್ತದೆ.