ಸೂಟ್‌ಕೇಸಿನಲ್ಲಿ ಸೇರಿಕೊಂಡ ಮುಗ್ಗಲು ಮತ್ತು ನುಸಿಗುಳಿಗೆಯ ವಾಸನೆ

ನಮಸ್ಕಾರ. ಮಳೆಗಾಲವಿಡೀ ಅಟ್ಟದಲ್ಲಿದ್ದ ಸೂಟ್‌ಕೇಸಿಗೆ ಮುಗ್ಗಲು ಮತ್ತು ನುಸಿಗುಳಿಗೆಯ ವಾಸನೆ ಹಿಡಿದಿದೆ, ಸೆಂಟು ಹಾಕಿದರೂ ಹೋಗುತ್ತಿಲ್ಲ, ಕೈಗೂಸಿನೊಂದಿಗೆ ಹೊರಡಲು ಹತ್ತೇ ದಿನ ಉಳಿದಿದೆ ಎಂದು ಬರೆದಿದ್ದೀರಿ. ದಯವಿಟ್ಟು ಸೆಂಟು ಹಾಕುವುದನ್ನು ನಿಲ್ಲಿಸಿ. ಈ ಎರಡು ವಾಸನೆಗಳಿಗೂ ಉಪಾಯ ಬೇರೆ ಬೇರೆ.

ಮುಗ್ಗಲಿಗೆ ಮೂಲ ಬೂಷ್ಟು. ಒಳಬಟ್ಟೆಯ ಜಿಪ್ ತೆರೆದು, ಹಿಡಿಕೆಯ ಸರಳುಗಳು ಹಾದುಹೋಗುವ ಜಾಗವನ್ನೂ ಹೊಲಿಗೆಯ ಅಂಚುಗಳನ್ನೂ ಟಾರ್ಚ್ ಹಿಡಿದು ನೋಡಿ. ಬಿಳಿ ಅಥವಾ ಕಪ್ಪು ಚುಕ್ಕೆಗಳು ಕಂಡರೆ, ಮನೆಯ ಹೊರಗೆ ಮಾಸ್ಕ್ ಧರಿಸಿ ಒಣ ಬ್ರಷ್‌ನಿಂದ ಉಜ್ಜಿ ತೆಗೆದು, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿದ ದ್ರಾವಣದಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ನೀರು ಸುರಿದು ಮಾತ್ರ ತೊಳೆಯಬೇಡಿ. ಒಳಗೆ ರಟ್ಟು ಇದ್ದು ಅದು ನೀರು ಕುಡಿದರೆ ಬೇಗ ಒಣಗುವುದಿಲ್ಲ, ಬೂಷ್ಟು ಮರಳಿ ಬರುತ್ತದೆ. ವಿನೆಗರ್‌ನ ಘಾಟು ಒಣಗಿದಂತೆ ತಾನಾಗಿಯೇ ಹೋಗುತ್ತದೆ.

ನುಸಿಗುಳಿಗೆಯದೇ ಹೆಚ್ಚು ಹಠ. ಅದರಲ್ಲಿರುವ ನ್ಯಾಫ್ತಲೀನ್ ಕರಗದೆ ನೇರವಾಗಿ ಆವಿಯಾಗಿ ಬಟ್ಟೆ ಮತ್ತು ಪ್ಲಾಸ್ಟಿಕ್‌ಗಳೊಳಗೆ ಇಳಿದಿರುತ್ತದೆ. ನೀರಿನಲ್ಲಿ ಅದು ಹೆಚ್ಚು ಕರಗದ ಕಾರಣ ಒರೆಸಿದರೆ ಸಾಲದು, ಬೆಚ್ಚನೆಯ ಗಾಳಿಯೇ ಅದನ್ನು ಹೊರಡಿಸಬೇಕು. ಹಗಲು ಬಿಸಿಲು ತಾಗುವ ಬಾಲ್ಕನಿಯಲ್ಲಿ, ರಾತ್ರಿ ಯಾರೂ ಮಲಗದ ಕೋಣೆಯಲ್ಲಿ ಫ್ಯಾನಿನ ಎದುರು ಪೂರ್ತಿ ತೆರೆದಿಡಿ. ಕೊನೆಯ ಮೂರ್ನಾಲ್ಕು ದಿನ, ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಆಕ್ಟಿವೇಟೆಡ್ ಇದ್ದಿಲನ್ನು ತೆಳುಬಟ್ಟೆಯಲ್ಲಿ ಕಟ್ಟಿ ಒಳಗಿರಿಸಿ ಮುಚ್ಚಿ. ಈ ವಾಸನೆಗೆ ಅಡುಗೆ ಸೋಡಾಕ್ಕಿಂತ ಅದೇ ಮೇಲು.

ಮಗುವಿನ ಬಟ್ಟೆಗಳನ್ನಂತೂ ಬೇರೆ ಚೀಲದಲ್ಲಿಯೇ ಒಯ್ಯಿರಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಮತ್ತು ಆ ಕೊರತೆ ಪರೀಕ್ಷೆಯಿಲ್ಲದೆ ತಿಳಿಯುವಂಥದ್ದಲ್ಲ.